ಕಾಕು ಕಿತ್ತ ಕಳೆ

ಕಳೆದ ವಾರ ನಮ್ಮ ಸೊಸೈಟಿಯ ಪಕ್ಕದ ಖಾಲಿ ಸೈಟಿನಲ್ಲಿ ಇಬ್ಬರು ಆಳುಗಳು ಕಳೆ ಕೀಳುತ್ತಿದ್ದರು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಂತು. ಕಹಿ, ಹಸಿ, ಗಂಟಲಲ್ಲಿ ಕೂತುಬಿಡುವ ವಾಸನೆ. ಪಾರ್ಥೇನಿಯಂ. ನಮ್ಮ ನಾಸಿಕ್ ಕಡೆ ಅದಕ್ಕೆ ಗಾಜರ್ ಗವತ್ ಅನ್ನುತ್ತಾರೆ, ಎಲೆ ಗಜ್ಜರಿಯ ಸೊಪ್ಪಿನ ಹಾಗಿರುತ್ತದೆಂದು. ಬಗ್ಗಿ ನೋಡಿದರೆ ಇಬ್ಬರದೂ ಬರಿಗೈ. "ಅರೇ, ಹಾಥ್ ಮೇಂ ಕುಛ್ ಪೆಹನೋ!" ಕೈಗೆ ಏನಾದರೂ ಹಾಕಿಕೊಳ್ಳಿ ಎಂದು ಮೂರನೆಯ ಮಹಡಿಯಿಂದ ಕೂಗಿದೆ. ತಲೆಯೆತ್ತಿ ನೋಡಿ ನಕ್ಕರು. ಮೈಯೆಲ್ಲ ಉರಿದುಹೋಯಿತು ನನಗೆ. ಚಪ್ಪಲಿ ಮೆಟ್ಟಿ ಕೆಳಗಿಳಿದು, ಇಬ್ಬರಿಗೂ ಬಾಯಿಗೆ ಬಂದದ್ದು ಬೈದು, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು ಕೊಟ್ಟು ಬಂದೆ. ಈ ಮುದುಕಿಗೆ ತಲೆ ಕೆಟ್ಟಿದೆ ಎಂದು ಸೊಸೈಟಿಯ ಹೆಂಗಸರು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಐವತ್ತು ವರ್ಷದಿಂದ ಕೆಟ್ಟಿದೆ.

ಕಾಕುವನ್ನು ನೆನೆದರೆ ಅಳು ಬರಬೇಕಿತ್ತು. ನನಗೆ ಬರುವುದು ಸಿಟ್ಟು.

ನಾಸಿಕ್ ಪಕ್ಕದ ದೇವಳಾಲಿಯ ದಂಡಿನ ಕ್ಯಾಂಪಿನಲ್ಲಿ ಅಪ್ಪನದು ಇಡ್ಲಿ ದೋಸೆಯ ಹೋಟೆಲು. ಅಪ್ಪ ಕುಂದಾಪುರದ ಕಡೆಯವರು. ಹೋಟೆಲಿನ ಹಿಂದೆ ಒಂದಿಷ್ಟು ಜಾಗ, ಜಾಗದ ತುದಿಗೆ ತಗಡಿನ ಒಂದು ಕೋಣೆ. ಆ ಕೋಣೆಯಲ್ಲಿ ಕಾಕು ಇದ್ದರು. ಬೀದರಿನ ಕಡೆಯವರು. ಗಂಡ ನಮ್ಮ ಹೋಟೆಲಿನಲ್ಲಿ ಒಲೆಯ ಕೆಲಸಕ್ಕಿದ್ದು, ಜ್ವರ ಬಂದು ತೀರಿಕೊಂಡ ಮೇಲೆ ಊರಿಗೆ ಹೋಗದೆ ಇಲ್ಲೇ ಉಳಿದವರು. ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಸಂಬಂಧದಲ್ಲಿ ನಮಗೆ ಏನೂ ಅಲ್ಲ. ನನ್ನ ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ನನ್ನ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ದೊಡ್ಡವಳಾದಾಗ ಹೇಳಬೇಕಾದದ್ದನ್ನು ಹೇಳಿದ್ದು ಎಲ್ಲ ಅವರೇ. ನನ್ನ ಬಾಯಿಗೆ ಅಪ್ಪನ ಕುಂದಾಪುರದ ಮಾತು ಹತ್ತಲಿಲ್ಲ, ಕಾಕುವಿನ ಕನ್ನಡ ಹತ್ತಿತು. ಇವತ್ತಿಗೂ ಸಿಟ್ಟು ಬಂದರೆ ಅದೇ ಬರುತ್ತದೆ.

ಆ ಹಿತ್ತಿಲನ್ನು ತೋಟ ಮಾಡಿದವರು ಅವರು. ಹೋಟೆಲಿಗೆ ಬೇಕಾದ ಕರಿಬೇವು, ಕೊತ್ತಂಬರಿ, ಪುದೀನ, ಹಸಿಮೆಣಸು ಎಲ್ಲ ಅಲ್ಲಿಂದಲೇ. ಬೇಸಿಗೆಯಲ್ಲಿ ಅವರ ದಿನ ನಸುಕಿಗೇ ಶುರು. ಸೂರ್ಯ ಹುಟ್ಟುವ ಮೊದಲೇ ನೀರು ಹಾಕಿ ಮುಗಿಸಬೇಕು; ಹೊತ್ತೇರಿದ ಮೇಲೆ ಹಾಕಿದರೆ ಬೇರು ಬೇಯುತ್ತದೆ ಎನ್ನುತ್ತಿದ್ದರು. ಕೊತ್ತಂಬರಿಯ ಮಡಿಗೆ ಗೋಣಿತಾಟಿನ ಚಪ್ಪರ. ಮೆಣಸಿನ ಗಿಡಕ್ಕೆ ಹೇನು ಹತ್ತಿದರೆ ಒಲೆಯ ಬೂದಿ, ಅದಕ್ಕೂ ಬಗ್ಗದಿದ್ದರೆ ತಂಬಾಕಿನ ನೀರಿಗೆ ಸೋಪು ಕದಡಿ ಚಿಮುಕಿಸುವುದು. ಕರಿಬೇವಿನ ಹಸಿರು ಹುಳಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕುತ್ತ, "ಯಾರಪ್ಪನ ಹೊಲಾ ಅಂತ ತಿಳದೀದಿ? ತಿಂತಾನ ನೋಡು ಜಹಾಗೀರದಾರ!" ಎಂದು ಬೈಯುತ್ತಿದ್ದರು. ಒಂದು ವರ್ಷ ಏಪ್ರಿಲ್‌ನಲ್ಲಿ ಆಲಿಕಲ್ಲು ಬಿದ್ದಾಗ, ತಲೆಯ ಮೇಲೆ ಹಿಟ್ಟಿನ ಪರಾತ ಹಿಡಿದು, ಮಳೆಯಲ್ಲಿ ಪುದೀನದ ಮಡಿಯ ಮೇಲೆ ತಾಟು ಹೊದಿಸಿದ್ದರು. ಅಪ್ಪ ಬಾಗಿಲಲ್ಲಿ ನಿಂತು "ಹುಚ್ಚು ಹೆಂಗ್ಸು ಮಾರಾಯ್ತಿ" ಎಂದು ನಕ್ಕಿದ್ದರು. ಕಾಕುವಿನ ಹಣೆಯಲ್ಲಿ ಬುಗುಟೆ ಎದ್ದಿತ್ತು, ಪುದೀನ ಉಳಿದಿತ್ತು. ಯಾರು ಹಿತ್ತಿಲಿಗೆ ಬಂದರೂ ಬರಿಗೈಯಲ್ಲಿ ಕಳಿಸಿದವರಲ್ಲ. ಒಂದು ಎಸಳು ಕರಿಬೇವಾದರೂ ಕೈಗಿಟ್ಟೇ ಕಳಿಸುತ್ತಿದ್ದರು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೇಸಿಗೆ ಅಪ್ಪ ಎಲ್ಲಿಂದಲೋ ಅಗ್ಗಕ್ಕೆ ಒಂದು ಗಾಡಿ ಗೊಬ್ಬರ ತರಿಸಿದರು. ಅದರ ಜೊತೆ ಬಂತು ನೋಡಿ ಅದು. ತಿಂಗಳೊಳಗೆ ಮಡಿಯ ಅಂಚಿನಲ್ಲಿ ಗಜ್ಜರಿಯ ಸೊಪ್ಪಿನಂಥ ಎಲೆ, ತುದಿಯಲ್ಲಿ ಬಿಳಿ ಮೊಗ್ಗು. ನಾವಾರೂ ಆ ಮೊದಲು ಕಂಡ ಗಿಡವಲ್ಲ. ಕಾಕು ಕಳೆ ತೆಗೆಯುವ ಖುರ್ಪಿ ಹಿಡಿದು ಕೂತಿದ್ದರು. ಬೇಡ ಎಂದವಳು ನಾನು. ಹೌದು, ನಾನೇ. ಹತ್ತೊಂಬತ್ತು ವರ್ಷದ ಕಾಲೇಜು ಕನ್ಯೆ, ಎಲ್ಲದರಲ್ಲೂ ಚಂದ ಕಾಣುವ ವಯಸ್ಸು. "ಇರ್ಲಿ ಬಿಡ್ರಿ ಕಾಕು, ಹೂವು ಎಷ್ಟು ಚಂದ ಅವ."

"ಹೂ ಬಿಡೂದ್ರಾಗ ಕೀಳಬೇಕವ್ವ ಇಂಥಾವ. ಉಗುರ್ಲೆ ಹೋಗೂದಕ್ಕ ನಾಳಿ ಕೊಡ್ಲಿ ಬೇಕಾಗ್ತದ."

"ನಾ ಬ್ಯಾಡ ಅಂದ್ರ ಬ್ಯಾಡ."

"ಆತು ತಗೊ, ನಿನ್ನ ಹಟಾ," ಎಂದು ಎದ್ದರು. ನಾನು ಆ ಬಿಳಿ ಹೂಗಳನ್ನು ಕಿತ್ತು, ಎರಡು ಗುಲಾಬಿಯ ಜೊತೆ ಗಾಜಿನ ಲೋಟದಲ್ಲಿಟ್ಟು ಅಪ್ಪನ ಗಲ್ಲಾದ ಮೇಲೆ ಇಟ್ಟೆ. ಕ್ಯಾಂಪಿನ ಅಧಿಕಾರಿಗಳ ಹೆಂಡಂದಿರು ಹೊಗಳಿದರು. ಥೂ, ಆ ಲೋಟ ಇವತ್ತು ಸಿಕ್ಕರೆ ಗೋಡೆಗೆ ಬಡಿದೇನು.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ಗಂಡು ಔರಂಗಾಬಾದಿನಲ್ಲಿ ನೌಕರಿಯಲ್ಲಿದ್ದವರು. ಈಗ ಛತ್ರಪತಿ ಸಂಭಾಜಿನಗರ ಎನ್ನಬೇಕು; ಆಗಿನ ನಮ್ಮ ಬಾಯಲ್ಲಿ ಔರಂಗಾಬಾದು. ಮೇ ತಿಂಗಳಲ್ಲಿ ಲಗ್ನ, ಹಿತ್ತಿಲಲ್ಲೇ ಚಪ್ಪರ. ಆದರೆ ಹಿತ್ತಿಲೆಲ್ಲಿತ್ತು? ಬಚ್ಚಲ ನೀರು ಕುಡಿದು ಆ ಗಿಡ ಎದೆಯೆತ್ತರ ನಿಂತಿತ್ತು. ಕೊತ್ತಂಬರಿಯ ಮಡಿ ನುಂಗಿತ್ತು, ಪುದೀನ ನುಂಗಿತ್ತು. ನಾನು ಉಳಿಸಿಕೊಂಡ ಹೂವು! ಅಪ್ಪ ಎರಡು ಆಳು ಗೊತ್ತು ಮಾಡುತ್ತೇನೆ ಎಂದರು. ಕಾಕು ಕೇಳಲಿಲ್ಲ. "ನನ್ನ ಹುಡುಗಿ ಲಗ್ನದ ಚಪ್ಪರಾ. ಮಂದಿ ಯಾಕ್ರಿ?"

ಎಂಟು ದಿನ ಕಿತ್ತರು, ಆ ಬಿಸಿಲಲ್ಲಿ, ಬೆವರು ಸುರಿಸುತ್ತ, ಬರಿಗೈಯಲ್ಲಿ. ಗಿಡಗಳನ್ನು ತೋಳಿನಲ್ಲಿ ಅಪ್ಪಿಕೊಂಡು ಹೊತ್ತು ಬೇಲಿಯಾಚೆ ಹಾಕಿದರು. ಐದನೆಯ ದಿನ ಕೈ ಕೆರೆಯುತ್ತಿದ್ದರು. ಎಂಟನೆಯ ದಿನ ಮುಂಗೈ, ಕತ್ತು, ರೆಪ್ಪೆ ಎಲ್ಲ ಊದಿ, ಕೆಂಪಾಗಿ, ನೀರು ಸೋರತೊಡಗಿತು. ಆಮೇಲೆ ಚರ್ಮ ದಪ್ಪಗಾಗಿ ಬಿರುಕು ಬಿಟ್ಟಿತು. ಹಣೆ, ಕಿವಿ ಎಲ್ಲ ದಡ್ಡುಗಟ್ಟಿ ಗುರುತು ಸಿಗದ ಮುಖ… ಅಪ್ಪ ಕರೆಸಿದ ವೈದ್ಯ ಹೊಸ್ತಿಲ ಒಳಗೆ ಕಾಲಿಡಲಿಲ್ಲ. ಆಚೆ ನಿಂತೇ ನೋಡಿ, ಅಪ್ಪನನ್ನು ಪಕ್ಕಕ್ಕೆ ಕರೆದು "ಮಹಾರೋಗ" ಎಂದ. ಮಹಾರೋಗವಂತೆ, ಕುಷ್ಠವಂತೆ! ಮುಟ್ಟಿ ನೋಡಿದ್ದನೇ ಅವನು? ಅವನ ನಾಲಗೆ ಬಿದ್ದುಹೋಗಲಿಲ್ಲವಲ್ಲ.

ಸಂಜೆಯೊಳಗೆ ಹೋಟೆಲಿನವರಿಗೆಲ್ಲ ಗೊತ್ತಾಯಿತು. ಆ ಕೈ ಕೊಯ್ದ ಕರಿಬೇವನ್ನು ಒಗ್ಗರಣೆಗೆ ಹಾಕಲಾರೆ ಎಂದು ಅಡುಗೆಯವನು ಬುಟ್ಟಿ ಎತ್ತಿ ಚರಂಡಿಗೆ ಸುರಿದ. ಹತ್ತು ವರ್ಷ ಅದೇ ಕರಿಬೇವಿನ ಒಗ್ಗರಣೆ ತಿಂದು ದಪ್ಪಗಾದವನು.

ಮದುವೆಯ ಹಿಂದಿನ ದಿನ ಅಪ್ಪ ತಗಡಿನ ಕೋಣೆಯ ಎದುರು ನಿಂತು, "ಕಾಕು, ನಾಳೆ ನೀವು ಎದ್ರು ಬರ್ಬೇಡಿ. ಗಂಡಿನ ಕಡೆಯವ್ರು ಕಂಡ್ರೆ ಎಂತ ಹೇಳ್ತ್ರು?" ಎಂದರು. ನಾನು ಕಿಟಕಿಯ ಹತ್ತಿರವೇ ಇದ್ದೆ, ಕೈಗೆ ಬಳೆ ತೊಡಿಸಿಕೊಳ್ಳುತ್ತ. ಒಳಗಿಂದ ಕಾಕುವಿನ ದನಿ ಬಂತು: "ಆತ್ರಿ. ಅಕ್ಷತಿ ಮಾತ್ರ ಒಂದಿಷ್ಟು ಇಲ್ಲಿಗಿ ಕಳಸ್ರಿ. ಇಲ್ಲಿಂದಾನೇ ಹಾಕ್ತೀನಿ."

ಯಾರೂ ಕಳಿಸಲಿಲ್ಲ. ಹಸೆಯ ಮೇಲೆ ಕೂತ ನನಗೆ ಚಪ್ಪರದ ತುದಿಯಲ್ಲಿ ಆ ಮುಚ್ಚಿದ ಬಾಗಿಲು ಕಾಣುತ್ತಿತ್ತು. ಇಪ್ಪತ್ತು ಹೆಜ್ಜೆ. ಎದ್ದು ಹೋಗಿ ಬಾಗಿಲು ತಟ್ಟಬಹುದಿತ್ತು. ಹೋಗಲಿಲ್ಲ. ಅವರು ಕಿತ್ತು ಹಸನು ಮಾಡಿದ ನೆಲದ ಮೇಲೆ ಕೂತು ತಾಳಿ ಕಟ್ಟಿಸಿಕೊಂಡೆ.

ನಾನು ಔರಂಗಾಬಾದಿಗೆ ಹೋದ ಹದಿನೈದು ದಿನಕ್ಕೆ ಅಪ್ಪನ ಕಾರ್ಡು ಬಂತು. ಕಾಕುವನ್ನು ಪಿಂಪಳಗಾಂವ್ ಬಸವಂತ್ ಊರಿನಾಚೆ, ಮಾಲೇಗಾಂವ್ ರಸ್ತೆಯ ಮಹಾರೋಗಿಗಳ ಆಶ್ರಮದಲ್ಲಿ ಬಿಟ್ಟು ಬಂದದ್ದಾಗಿ ಬರೆದಿದ್ದರು. 'ನಮ್ಮ ಕೈಲಾದದ್ದು ಮಾಡಿದೆವು.' ನಾನು ಅತ್ತೆ. ಅತ್ತು, ಮುಖ ತೊಳೆದುಕೊಂಡು, ಸಂಜೆಯ ಅಡುಗೆಗೆ ಎದ್ದೆ.

ಎರಡು ವರ್ಷ ಕಳೆಯಿತು. ಔರಂಗಾಬಾದಿನ ನಮ್ಮ ಬಾಡಿಗೆ ಮನೆಯ ಅಂಗಳಕ್ಕೂ ಆ ಗಿಡ ಬಂತು. ಒಂದು ಭಾನುವಾರ ಸೆರಗು ಕಟ್ಟಿ ಕಿತ್ತೆ. ಮೂರನೆಯ ದಿನಕ್ಕೆ ಮಣಿಕಟ್ಟಿನಲ್ಲಿ ಉರಿ, ಕೆಂಪು, ನೀರುಗುಳ್ಳೆ. ಕನ್ನಡಿಯಲ್ಲಿ ರೆಪ್ಪೆ ನೋಡಿಕೊಂಡೆ, ಊದಿತ್ತು. ನನಗೂ ಅದೇ ರೋಗ ಬಂತೆಂದುಕೊಂಡೆ. ಡಾಕ್ಟರರ ಹತ್ತಿರ ಓಡಿದೆ. ಅವರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ, "ಗಾಜರ್ ಗವತ್ ಉಪಟಲಂ ಕಾ?" ಎಂದು ಕೇಳಿದರು, ಆ ಗಿಡ ಕಿತ್ತಿರೇನು ಎಂದು. ಕೆಲವರ ಮೈಗೆ ಅದು ಆಗದು, ಇದು ಅಂಟುವ ರೋಗವಲ್ಲ, ಗಿಡ ಮುಟ್ಟದಿದ್ದರೆ ತಾನೇ ವಾಸಿಯಾಗುತ್ತದೆ, ಈ ಬೇಸಿಗೆಯಲ್ಲಿ ಇಂಥವರು ಎಷ್ಟೋ ಜನ ಬಂದರು ಎಂದು ಮುಲಾಮು ಬರೆದುಕೊಟ್ಟರು. ಎರಡು ನಿಮಿಷದ ಮಾತು. ಕಾಕುವಿಗಾಗಿ ಆ ಎರಡು ನಿಮಿಷ ಕೊಡುವವರು ಇಡೀ ದೇವಳಾಲಿಯಲ್ಲಿ ಒಬ್ಬರೂ ಇರಲಿಲ್ಲವೇ?

ಗಂಡನಿಗೆ ಚೀಟಿ ಬರೆದಿಟ್ಟು ಮರುದಿನವೇ ಬಸ್ಸು ಹತ್ತಿದೆ. ತವರಿಗೆ ಹೋಗದೆ ನೇರ ಆಶ್ರಮಕ್ಕೆ ಹೋದೆ. ಕಾಕುವನ್ನು ಕರೆದುಕೊಂಡೇ ಅಪ್ಪನ ಎದುರು ನಿಲ್ಲಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡಿದ್ದೆ.

ಕಾಕು ಆಶ್ರಮದ ತೋಟದಲ್ಲಿ ನೀರು ಹಾಯಿಸುತ್ತಿದ್ದರು. ಮುಖ ತಿಳಿಯಾಗಿತ್ತು. ಕೈಗೆ ಹಳೆಯ ಸೀರೆಯ ಚಿಂದಿ ಸುತ್ತಿಕೊಂಡಿದ್ದರು. ನಾನು ಉಸಿರು ಬಿಡದೆ ಎಲ್ಲ ಹೇಳಿದೆ. ಅವರು ಕಾಲುವೆಯ ಬಾಯಿ ಕಟ್ಟಿ, ಕೈಯ ಮಣ್ಣು ಕೊಡವಿ, "ನನಗ ಗೊತ್ತದವ್ವ" ಎಂದರು.

"ಗೊತ್ತದಾ?"

"ಬಂದ ತಿಂಗಳದಾಗೇ ಇಲ್ಲಿ ಡಾಕ್ಟರ್ ಹೇಳ್ಯಾರ. ಆ ಎಲಿ ತಂದು ನನ್ನ ತೋಳಿಗಿಟ್ಟು ಪಟ್ಟಿ ಕಟ್ಟಿದ್ರು. ಮರುದಿನ ಅಷ್ಟೇ ಜಾಗಾ ಉರೀಲಿಕ್ಕೆ ಹತ್ತಿತು. ನಿನಗ ರೋಗ ಇಲ್ಲ ಮನಿಗಿ ಹೋಗು ಅಂತ ಕಾಗದ ಬರ್ದು ಕೊಟ್ಟಾರ. ನಿಮ್ಮಪ್ಪಗ ಎರಡು ಸರ್ತಿ ಕಳಿಸೀನಿ."

"ಅಪ್ಪಾ ಏನಂದ್ರು?"

"ಜವಾಬು ಬರ್ಲಿಲ್ಲ."

ನಡೀರಿ, ಈಗಲೇ ನನ್ನ ಜೊತೆ ನಡೀರಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ಅಲ್ಲಿ ಬಂದು ಏನ್ ಮಾಡ್ಲಿ? ನಾ ಬೆಳ್ದಿದ್ದು ಯಾರು ತಿಂತಾರ? ಇಲ್ಲಿ ಮಂದಿ ತಿಂತಾರವ್ವ. ಕೈ ಯಾರದಂತ ಕೇಳಂಗಿಲ್ಲ." ಆಮೇಲೆ, ಅದೇ ಹಳೆಯ ಕಾಕು, ಒಂದು ಕಟ್ಟು ಕರಿಬೇವು ಮುರಿದು, ಬಾಳೆನಾರಿನಲ್ಲಿ ಬಿಗಿದು ನನ್ನ ಕೈಗಿಟ್ಟರು. "ತಗೊಂಡ್ ಹೋಗು. ಸಾರಿಗಿ ಹಾಕು."

ಸಂಜೆ ಹೋಟೆಲಿಗೆ ಹೋದವಳು ಗಿರಾಕಿಗಳ ಎದುರೇ ಅಪ್ಪನ ಮೇಲೆ ಎರಗಿದೆ. "ಎರಡು ಕಾಗದ ಬಂದಾವ! ಓದಿ ಎಲ್ಲಿ ಮುಚ್ಚಿಟ್ರಿ? ನಿಮ್ಮ ಮಗಳ್ನ ಸಾಕಿದಾಕಿ ಅಲ್ಲೇನ್ರಿ ಅಕಿ? ಮನಷ್ಯಾರೇನ್ರಿ ನೀವು?" ಅಪ್ಪ ನನ್ನನ್ನು ಒಳಗೆ ಎಳೆದುಕೊಂಡು ಹೋದರು. "ಹೌದು, ನಂಗೆ ಗೊತ್ತಿತ್ತು. ನಂಗೆ ಗೊತ್ತಿದ್ರೆ ಎಂತ ಆಯ್ತು? ಗಿರಾಕಿಗೆ ಗೊತ್ತಾಗ್ಬೇಕಲ್ಲ? ಆ ಕಾಗದ ಹೋಟೆಲಿನ ಗೋಡೆಗೆ ಅಂಟ್ಸುದಾ?" ಎಂದರು. ನಾನು ಇನ್ನೂ ಕಿರುಚಿದೆ. ಹೇಡಿ ಎಂದೆ. ಹೆತ್ತ ಅಪ್ಪನಿಗೆ ಹೇಳಬಾರದ್ದನ್ನೆಲ್ಲ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ನನ್ನ ಉಸಿರು ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಕಾಕು ಎಂತಾದ್ರೂ ಕೊಟ್ಟು ಕಳ್ಸಿದ್ರಾ?"



ಆಶ್ರಮದಿಂದ ಬರುವಾಗ, ಬಸ್ಸು ಪಿಂಪಳಗಾಂವ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ, ಕೊಳೆತ ಈರುಳ್ಳಿ ಸುರಿದ ತಿಪ್ಪೆಯೊಂದು ಕಿಟಕಿಯ ಕೆಳಗೇ ಇತ್ತು. ನನ್ನ ಮಡಿಲಲ್ಲಿ ಆ ಕಟ್ಟು. ಡಾಕ್ಟರರು ನನಗೆ ಹೇಳಿದ್ದರು, ಕಾಕು ಹೇಳಿದ್ದರು, ನನ್ನದೇ ಮಣಿಕಟ್ಟಿನ ಗುಳ್ಳೆ ಒಣಗುತ್ತಿತ್ತು. ಎಲ್ಲ ಗೊತ್ತಿತ್ತು. ಆದರೂ ಆ ಆಶ್ರಮ, ಅಲ್ಲಿ ಓಡಾಡುವ ಬೆರಳಿಲ್ಲದ ಕೈಗಳು, ಆ ನೀರು, ಆ ಮಣ್ಣು… ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಟ್ಟನ್ನು ಕಿಟಕಿಯಿಂದ ಕೆಳಗೆ ಬಿಟ್ಟೆ. ಕರವಸ್ತ್ರಕ್ಕೆ ಕೈ ಒರೆಸಿಕೊಂಡೆ.

"ಇಲ್ಲ, ಏನೂ ಕೊಡಲಿಲ್ಲ" ಎಂದೆ ಅಪ್ಪನಿಗೆ.

ಅಪ್ಪ ನನ್ನ ಕೈಯನ್ನೇ ನೋಡುತ್ತ ನಿಂತರು. ಕರಿಬೇವಿನ ವಾಸನೆ ಅಷ್ಟು ಬೇಗ ಹೋಗುವುದಿಲ್ಲ. ಅವರು ಹೋಟೆಲಿನವರು, ಅವರ ಮೂಗಿಗೆ ತಿಳಿಯದ್ದೇನು? ತಿರುಗಿ ಗಲ್ಲಾಕ್ಕೆ ಹೋಗಿ ಕೂತರು. ಅಡುಗೆಯವನಿಗೂ ನನಗೂ ಏನು ಫರಕು? ಅವನು ಎಲ್ಲರ ಎದುರು ಸುರಿದ, ನಾನು ಕದ್ದು ಸುರಿದೆ.

ಆಮೇಲೆ ನಾನು ಆಶ್ರಮಕ್ಕೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಬಸುರಿ ಎಂದೆ, ಬಾಣಂತಿ ಎಂದೆ, ಮಗುವಿಗೆ ಹುಷಾರಿಲ್ಲ ಎಂದೆ. ಕಾಕು ಇನ್ನೂ ನಾಲ್ಕು ವರ್ಷ ಬದುಕಿದ್ದರಂತೆ. ಬಂದು ಹೋಗುವವರ ಹತ್ತಿರ ಅಪ್ಪನಿಗೆ ಮೂರು ಸಲ ಕರಿಬೇವು ಕಳಿಸಿದ್ದರಂತೆ. ಅಪ್ಪ ಅದನ್ನೇನು ಮಾಡಿದರೆಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ಈಗ ಅಪ್ಪನೂ ಇಲ್ಲ, ಹೋಟೆಲೂ ಇಲ್ಲ, ಬೈಯಬೇಕೆಂದರೆ ಸಿಗುವವಳು ನಾನೊಬ್ಬಳೇ.

ನನ್ನ ಬಾಲ್ಕನಿಯಲ್ಲಿ ಹನ್ನೆರಡು ಕುಂಡಗಳಿವೆ. ನಸುಕಿಗೆ ನೀರು ಹಾಕುತ್ತೇನೆ, ಹೇನಿಗೆ ತಂಬಾಕಿನ ನೀರು ಚಿಮುಕಿಸುತ್ತೇನೆ, ಪುದೀನಕ್ಕೆ ತಾಟು ಕಟ್ಟುತ್ತೇನೆ. ಎಲ್ಲ ಅವರು ಕಲಿಸಿದಂತೆಯೇ. ಮೊನ್ನೆ ಗ್ಲೌಸು ಹಿಂದಿರುಗಿಸಲು ಬಂದ ಆಳು ಕುಂಡಗಳನ್ನು ನೋಡಿ, ಕರಿಬೇವು ಯಾಕಿಲ್ಲ ತಾಯಿ ಎಂದು ಮರಾಠಿಯಲ್ಲಿ ಕೇಳಿದ. ನನ್ನ ಕೈಗೆ ಹತ್ತುವುದಿಲ್ಲಪ್ಪ ಎಂದೆ.

ಸುಳ್ಳು. ನೆಟ್ಟರೆ ಹತ್ತುತ್ತದೆ.