ಅಕ್ಕನ ಕಂಪ್ಯೂಟರ್ ಆರಿಹೋಗುತ್ತಿದ್ದ ಹದಿನೈದು ದಿನ

ಕಂಪ್ಯೂಟರ್ ಅಂಗಡಿಯವರೆಲ್ಲ ಅವಳನ್ನು ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿದ್ದರು. ಬೇರೆಯವರು ಅರ್ಧ ದಿನ ಹಿಡಿದು ಜೋಡಿಸುವ ಕಂಪ್ಯೂಟರನ್ನು ಅವಳು ಒಂದೂವರೆ ಗಂಟೆಯಲ್ಲಿ ಮುಗಿಸಿ, ಸ್ಕ್ರೂಡ್ರೈವರನ್ನು ತುರುಬಿಗೆ ಸಿಕ್ಕಿಸಿಕೊಂಡು ಮುಂದಿನದಕ್ಕೆ ಹೊರಟಿರುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಊಟ ನಿಂತುಕೊಂಡು, ಫೋನು ನಡೆಯುತ್ತಾ. ಅವಳು ಜೋಡಿಸಿದ್ದು ಇದುವರೆಗೆ ಒಂದೂ ರಿಪೇರಿಗೆ ವಾಪಸ್ ಬಂದಿಲ್ಲವಂತೆ. ಇದನ್ನು ಅವಳೇ ದಿನಕ್ಕೆ ಎರಡು ಸಲ ಹೇಳುತ್ತಿದ್ದುದರಿಂದ ಬೇರೆ ಯಾರೂ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಕೆಟ್ಟದ್ದು ಒಂದೇ, ಅದೂ ಒಡಹುಟ್ಟಿದ ಅಕ್ಕನದು.

ಅಕ್ಕ ಮೊದಲು ಪ್ರೆಸ್ಸಿನಲ್ಲಿ ಪುಸ್ತಕಗಳ ಪುಟ ಜೋಡಿಸುತ್ತಿದ್ದಳು. ಪ್ರೆಸ್ಸು ಮುಚ್ಚಿದ ಮೇಲೆ ಎರಡು ವರ್ಷ ಮಂಕಾಗಿ ಕೂತಿದ್ದವಳನ್ನು ತಂಗಿಯೇ ಬೆನ್ನು ಬಿಡದೆ ಒಪ್ಪಿಸಿ, ಮನೆಯಲ್ಲೇ ಅದೇ ಕೆಲಸ ಮಾಡಲೆಂದು ಕಂಪ್ಯೂಟರ್ ಕಟ್ಟಿಕೊಟ್ಟಳು. ಮಕ್ಕಳ ಚಿತ್ರಪುಸ್ತಕವೊಂದರ ಕೆಲಸವೂ ಸಿಕ್ಕಿತು. ಆದರೆ ದೊಡ್ಡ ಚಿತ್ರದ ಪುಟ ತೆರೆದ ಇಪ್ಪತ್ತು ನಿಮಿಷಕ್ಕೆ ಕಂಪ್ಯೂಟರು ತಾನಾಗಿ ಆರಿಹೋಗುತ್ತಿತ್ತು.

"ನೀನೇ ಏನೋ ಒತ್ತಿರ್ತೀಯ," ಎಂದಳು ಎಕ್ಸ್‌ಪ್ರೆಸ್ ಫೋನಿನಲ್ಲಿ, ಯಾರದೋ ಮನೆಯ ಮೆಟ್ಟಿಲು ಇಳಿಯುತ್ತಾ.

"ಇರ್ಬೋದು," ಎಂದಳು ಅಕ್ಕ.

ಬಂದು ನೋಡಿದರೆ ಪ್ರೊಸೆಸರ್ ತೊಂಬತ್ತೆಂಟು ಡಿಗ್ರಿ ಕಾದಿತ್ತು. ಮೂಲೆಯಲ್ಲಿ ಗಾಳಿಯಿಲ್ಲ ಎಂದು ಮೇಜನ್ನು ಕಿಟಕಿಯ ಹತ್ತಿರ ಎಳೆಸಿದಳು. ಕಂಪ್ಯೂಟರು ಮತ್ತೆ ಆರಿತು. ಇನ್ನೆರಡು ಫ್ಯಾನು ಹಾಕಿದಳು. ಮನೆಯೆಲ್ಲ ಹಿಟ್ಟಿನ ಗಿರಣಿಯಂತೆ ಸದ್ದಾಯಿತು, ಆಮೇಲೆ ಆರಿತು. ಪವರ್ ಸಪ್ಲೈ ಬದಲಿಸಿದಳು, ವಿಂಡೋಸನ್ನು ಹೊಸದಾಗಿ ಹಾಕಿದಳು. ಆರುವುದು ಮಾತ್ರ ನಿಲ್ಲಲಿಲ್ಲ. ಪ್ರೊಸೆಸರಿನ ಮೇಲೆ ಕೂತು ಬಿಸಿ ಹೀರಬೇಕಾದ ಕೂಲರನ್ನು ಮಾತ್ರ ಬಿಚ್ಚಲಿಲ್ಲ. ಅದನ್ನು ಕೂರಿಸಿದ್ದು ತಾನೇ ಅಲ್ಲವೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಗೋಡೆ, ಕಿಟಕಿ, ಕರೆಂಟು, ಕೊನೆಗೆ ಅಕ್ಕನ ಬೆರಳನ್ನೂ ಡೊಂಕು ಅಂದಳು. "ಒಟ್ಟಿಗೆ ಎರಡು ಫೈಲು ತೆರೀಬೇಡ," ಎಂದು ಹೇಳಿ ಓಡುವಳು. ಮರುದಿನ, "ಅಷ್ಟು ಜೋರಾಗಿ ಕೀ ಒತ್ತಬೇಡ."

ಹದಿನೈದನೇ ದಿನ ಅಕ್ಕನೇ ಫೋನ್ ಮಾಡಿದಳು. "ಪುಸ್ತಕದ ಕೆಲಸ ಬೇಡ ಅಂತ ನಾಳೆ ಹೇಳ್ಬಿಡ್ತೀನಿ. ನನ್ನ ಕೈಗೆ ಇದೆಲ್ಲ ಹತ್ತೋದಿಲ್ಲ. ನಿಂಗೂ ಅಲೆದಾಟ ತಪ್ಪುತ್ತೆ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಎಕ್ಸ್‌ಪ್ರೆಸ್ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಳು. ಅಕ್ಕ ಅಡುಗೆಮನೆಯಲ್ಲಿದ್ದಳು. ದೂರಲು ಬೇರೇನೂ ಉಳಿದಿರಲಿಲ್ಲವಾಗಿ ಇವಳು ಕೂಲರಿನ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದಳು.

ಕೂಲರಿನ ತಳಕ್ಕೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡೇ ಇತ್ತು. ಜೋಡಿಸುವ ಮೊದಲು ಕೀಳಬೇಕಾದದ್ದು. ಹಾಗೆಂದು ಅದರ ಮೇಲೆ ಕೆಂಪಕ್ಷರದಲ್ಲಿ ಅಚ್ಚೂ ಆಗಿತ್ತು. ಜೋಡಿಸಿದ ದಿನ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಮುಂದಿನ ಗಿರಾಕಿಯ ಜೊತೆ ಮಾತಾಡುತ್ತಿದ್ದದ್ದು ಈಗ ನೆನಪಾಯಿತು.

ಕಿತ್ತಳು, ಮುದುರಿದಳು, ಮುಷ್ಟಿಯಲ್ಲಿ ಹಿಡಿದಳು. ಬಿಸಿ ದಾಟಿಸುವ ಹೊಸ ಪೇಸ್ಟು ಹಚ್ಚಿ ಕೂಲರನ್ನು ಕೂರಿಸಿದರೆ ಹತ್ತು ನಿಮಿಷದ ಕೆಲಸ. ವಿಂಡೋಸಿನದೇ ತಕರಾರು ಇತ್ತು ಅಂದರೆ ಅಕ್ಕ ನಂಬುತ್ತಾಳೆ. ನಂಬಿದರೂ, ತಪ್ಪು ನನ್ನ ಕೈಯದೇ ಅಂತ ಒಳಗೊಳಗೆ ಅಂದುಕೊಂಡೇ ಇರುತ್ತಾಳೆ. ಎಕ್ಸ್‌ಪ್ರೆಸ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಾಲ್ಕು ಸಲ ನಡೆದಳು. ಅಷ್ಟರಲ್ಲಿ ಅಕ್ಕ ಬಂದಳು.

"ನೀನೇನೂ ಒತ್ತಿರ್ಲಿಲ್ಲ, ಅಕ್ಕ." ಮುಷ್ಟಿ ಬಿಚ್ಚಿದಳು. "ಇದನ್ನ ಕೀಳೋದು ನಾನೇ ಮರೆತಿದ್ದೆ. ಬಿಸಿ ಕೂಲರ್‌ಗೆ ದಾಟ್ತಾನೇ ಇರ್ಲಿಲ್ಲ."

ಅಕ್ಕ ಹಾಳೆಯನ್ನು ಬಿಡಿಸಿ, ಬೆಳಕಿಗೆ ಹಿಡಿದು ಓದಿದಳು. "ಸ್ವಿಚ್ ಹಾಕೋಕೆ ಮುಂಚೆ ನಾನು ದಿನಾ ಕೈ ಒರೆಸ್ಕೊಂಡು ಬರ್ತಿದ್ದೆ," ಎಂದಳು. "ಒದ್ದೆ ಕೈಯಿಂದ ಏನಾದ್ರೂ ಆಗ್ತಿದೆಯೇನೋ ಅಂತ."

ಬೈದಿದ್ದರೆ ಎಕ್ಸ್‌ಪ್ರೆಸ್ ತಿರುಗಿ ಬೈದು ಸರಿಮಾಡಿಕೊಳ್ಳುತ್ತಿದ್ದಳು. ಈ ಮಾತಿಗೆ ನಾಚಿಕೆಯಿಂದ ಅಳುವೇ ಬಂತು. ಮೂಗೊರೆಸಿಕೊಂಡು ಪೇಸ್ಟಿನ ಟ್ಯೂಬಿಗೆ ಕೈ ಹಾಕಿದಳು. "ಹತ್ತೇ ನಿಮಿಷ, ಈಗ್ಲೇ..."

"ಕೊಡು ಇಲ್ಲಿ," ಎಂದು ಅಕ್ಕ ಟ್ಯೂಬು ಕಿತ್ತುಕೊಂಡಳು. "ನಾನು ಹಾಕ್ತೀನಿ. ನೀನು ಕೂತು ಹೇಳು."

ಅಕ್ಕ ಕನ್ನಡಕ ಹಾಕಿಕೊಂಡು ಹಳೆ ಪೇಸ್ಟು ಒರೆಸಿದಳು, ಬಟಾಣಿಯಷ್ಟು ಹೊಸದು ಇಟ್ಟಳು. ಎದುರುಬದುರಿನ ಸ್ಕ್ರೂಗಳಿಗೆ ಅರ್ಧರ್ಧ ಸುತ್ತು ಕೊಡುತ್ತಾ, ಪ್ರತಿ ಸುತ್ತಿಗೂ ಬಗ್ಗಿ ನೋಡುತ್ತಾ ಹೋದಳು. ಎಕ್ಸ್‌ಪ್ರೆಸ್ ತನ್ನ ಕೈಗಳ ಮೇಲೆ ತಾನೇ ಕೂತುಕೊಂಡಳು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಕ್ಕ ಅತಿ ದೊಡ್ಡ ಚಿತ್ರದ ಪುಟ ತೆರೆದಳು. ಇಪ್ಪತ್ತು ನಿಮಿಷ ಕಳೆಯಿತು, ಮೂವತ್ತೂ ಕಳೆಯಿತು. ಪ್ರೊಸೆಸರ್ ಅರವತ್ತೆರಡು ಡಿಗ್ರಿಯಲ್ಲಿ ನಿಂತಿತ್ತು.

ಎಕ್ಸ್‌ಪ್ರೆಸ್ ದಡಕ್ಕನೆ ಎದ್ದಳು. "ಸರಿ, ಇನ್ನು ಹೊರಡ್ತೀನಿ."

"ಕೂತ್ಕೋ," ಎಂದಳು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಇನ್ನೂ ನೂರ ಹತ್ತು ಪುಟ ಇದೆ. ಆಫ್ ಆದ್ರೆ ಯಾರು ಏನು ಒತ್ತಿದ್ರು ಅಂತ ನೋಡೋಕೆ ಒಬ್ರು ಬೇಕು."

ಎಕ್ಸ್‌ಪ್ರೆಸ್ ಕೂತಳು.