ಹಣೆಗೆ ಭಂಡಾರ ಹಚ್ಚಿದ ನಾಯಿ

ಜಯಮಾಲಾ ಮಾಡಿದ ಚಿತ್ರಪುಸ್ತಕವೇ ಮಗುವಿಗೆ ನಾಯಿಯಿಂದ ಕಚ್ಚಿಸಿತೆಂದು ಆಲಮೇಲದ ಬಸ್ಸಿನಲ್ಲಿ ಕುಳಿತವರೆಲ್ಲ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ಪುಸ್ತಕವನ್ನು ತೆರೆದು ನೋಡಿದವರು ಒಬ್ಬರೂ ಇಲ್ಲ. ಆಕೆಯ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಜಯಮಾಲಾ ದೇವಣಗಾಂವದ ಅಂಗನವಾಡಿ ಕಾರ್ಯಕರ್ತೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು. ಮೋತ್ಯಾ ಎಂಬ ನಾಯಿ ಆಕೆಯ ತೊಟ್ಟಿಲ ಕೆಳಗೇ ಮಲಗುತ್ತಿತ್ತು. ನಾಯಿ ದೇವರ ಸಂಗಾತಿಯೆಂದು ನಂಬುವ ಮೈಲಾರಲಿಂಗನ ಒಕ್ಕಲಿನವರು ಪೂಜೆಯಾದ ಮೇಲೆ ನಾಯಿಯ ಹಣೆಗೂ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಹಚ್ಚಿ ರೊಟ್ಟಿ ಕೊಡುತ್ತಾರೆ. ಆ ಮೋತ್ಯಾನನ್ನೇ ಆಕೆ ಮಕ್ಕಳಿಗಾಗಿ ದಪ್ಪ ಹಾಳೆಗಳಲ್ಲಿ ಬರೆದು, ದಾರದಿಂದ ಹೊಲಿದು ಪುಸ್ತಕ ಮಾಡಿದಳು. ಕೊನೆಯ ಪುಟದಲ್ಲಿ ಹಳದಿ ಹಣೆಯ ನಾಯಿಯ ಬಾಯಿಗೆ ಹುಡುಗಿಯೊಬ್ಬಳು ರೊಟ್ಟಿ ಇಡುತ್ತಾಳೆ. ಮಕ್ಕಳು ಮುಟ್ಟಿ ಮುಟ್ಟಿ ಆ ಹಳದಿ ಮಾಸಿತ್ತು.

ಕಳೆದ ವರ್ಷ ಮೈಲಾರಲಿಂಗನ ಚಟ್ಟಿಯ, ಅಂದರೆ ಚಂಪಾಷಷ್ಠಿಯ, ಹಬ್ಬದಂದು ಊರವರು ಬೀದಿನಾಯಿಗಳಿಗೂ ಭಂಡಾರ ಹಚ್ಚಿದರು. ಪರಶುವಿನ ಮಗಳು ಕೋಮಲ ಇನ್ನೂ ಅಂಗನವಾಡಿಯ ಕೂಸು. ಅಂಥದೊಂದು ನಾಯಿಯನ್ನು ಕಂಡು, ಮೋತ್ಯಾನೇ ಬಂದನೆಂದು ತಿಳಿದು, ಚಿತ್ರದಲ್ಲಿದ್ದಂತೆಯೇ ಅದರ ಬಾಯಿಗೆ ರೊಟ್ಟಿ ಇಟ್ಟಳು. ನಾಯಿ ಮುಂಗೈಯನ್ನು ಕಚ್ಚಿತು.

ಜಯಮಾಲಾ ಓಡಿಹೋದಾಗ ಕೋಮಲಳ ಅಜ್ಜಿ ಗುಂಡವ್ವ ಸುಣ್ಣಕ್ಕೆ ಖಾರದ ಪುಡಿ ಕಲಸಿಕೊಂಡು ಗಾಯಕ್ಕೆ ಮೆತ್ತಲು ಕುಳಿತಿದ್ದಳು.

"ಇದನ್ನ ಹಚ್ಚಿದ್ರ ನಂಜು ಏರಂಗಿಲ್ಲ. ನೀ ನಾಯಿ ಚಿತ್ರ ಬರಿಯಾಕಿ, ನಿನಗೇನ ಗೊತ್ತು?"

"ಆಮ್ಯಾಲ ಎಷ್ಟ ಬೇಕಾದ್ರೂ ಬೈಯ್ರಿ ಆಯಿ. ಈಗ ಕೂಸಿನ ಕೈ ಬಿಡ್ರಿ."

ನಳದ ನೀರಿನ ಕೆಳಗೆ ಆ ಪುಟ್ಟ ಕೈ ಹಿಡಿದು, ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದಳು.

"ಮೋತ್ಯಾ ಯಾಕ ಕಚ್ಚಿದ, ಅಕ್ಕೋರ?" ಎಂದಳು ಕೋಮಲ. ಜಯಮಾಲಾ ಆಕೆಯನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು.

ಸಿಂದಗಿಯಲ್ಲಿ ವೈದ್ಯರು ಗಾಯಕ್ಕೂ ತೋಳಿಗೂ ಚುಚ್ಚುಮದ್ದು ಕೊಟ್ಟು, ಉಳಿದವನ್ನು ಒಂದೂ ತಪ್ಪಿಸಬಾರದೆಂದರು. ನಾಯಿಯನ್ನು ಕೊಲ್ಲದೆ ಹತ್ತು ದಿನ ಅದರ ಮೇಲೆ ಕಣ್ಣಿಟ್ಟಿರಬೇಕು, ಹುಚ್ಚಿದ್ದರೆ ಅಷ್ಟರೊಳಗೆ ಅದು ಸಾಯುತ್ತದೆ ಎಂದೂ ಹೇಳಿದರು. ಊರಿಗೆ ಮರಳುವಷ್ಟರಲ್ಲಿ ಪರಶು ಬಡಿಗೆ ಹಿಡಿದು ನಿಂತಿದ್ದ.

"ನಿಮ್ಮ ನಾಯಿನ ಬಡದ ಹಾಕ್ತೇನಿ."

"ಅದು ನನ್ನ ನಾಯಿ ಅಲ್ಲೋ ಪರಶು. ಬಡದ ಮ್ಯಾಲ ಅದಕ್ಕ ಹುಚ್ಚ ಇತ್ತೋ ಇಲ್ಲೋ ಅಂತ ಯಾರನ್ನ ಕೇಳೂಣು?"

ಬಡಿಗೆ ಕೆಳಗಿಳಿಯಿತು. ಭಯ ಇಳಿಯಲಿಲ್ಲ. ಮುಂಜಾನೆ ಕೋಮಲ ಅಂಗನವಾಡಿಗೆ ಬಂದೊಡನೆ ಜಯಮಾಲಾ ನೀರು ಕುಡಿಸಿ, ಗುಟುಕು ಇಳಿಯುವ ಗಂಟಲನ್ನೇ ನೋಡುವಳು; ಹುಚ್ಚುನಾಯಿಯ ನಂಜು ಏರಿದವರಿಗೆ ನೀರು ಇಳಿಯುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಅನಂತರ ಆ ನಾಯಿ ಮಲಗುತ್ತಿದ್ದ ಕಬ್ಬಿನ ಹೊಲದ ಬದುವಿಗೆ ಹೋಗಿ ದೂರದಿಂದಲೇ ರೊಟ್ಟಿ ಎಸೆದು, ನಾಯಿ ತಿನ್ನುವವರೆಗೆ ನಿಲ್ಲುವಳು.

ಒಂದು ದಿನ ನಾಯಿ ಕಾಣಲಿಲ್ಲ. ಹುಚ್ಚು ಹಿಡಿದು ಸತ್ತಿತೆಂಬ ಸುದ್ದಿ ಊರೆಲ್ಲ ಹಬ್ಬಿತು. ಸತ್ತದ್ದನ್ನು ಯಾರು ನೋಡಿದರೆಂದು ನಾನು ಕೇಳಿದೆ. ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರು ಹೇಳಿದರು. ಜಯಮಾಲಾ ಕಬ್ಬಿನ ಸಾಲುಗಳಲ್ಲಿ ಹುಡುಕಿದಳು. ಗರಿ ತಾಗಿ ಮುಖ ಗೀರಿತ್ತು. ಬೇರೆ ಹೆಸರು ತಿಳಿಯದೆ "ಮೋತ್ಯಾ, ಮೋತ್ಯಾ" ಎಂದೇ ಕೂಗುತ್ತಿದ್ದಳು. ಸೋತು ಅಂಗನವಾಡಿಗೆ ಹಿಂತಿರುಗಿದಾಗ ಆ ನಾಯಿ ನೀರಿನ ಟಾಕಿಯ ಕೆಳಗೆ ನಿಂತು, ಸೋರಿ ನಿಂತ ನೀರನ್ನು ಲೊಚಲೊಚನೆ ನೆಕ್ಕುತ್ತಿತ್ತು. ಹಣೆಯಲ್ಲಿ ಇನ್ನೂ ಚೂರು ಹಳದಿ ಉಳಿದಿತ್ತು. ಇದನ್ನು ನಾನು ಸ್ವತಃ ಕಂಡಿದ್ದೇನೆ. ಆಕೆ ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟಳು.

ವೈದ್ಯರು ಹೇಳಿದ ಅವಧಿ ಮುಗಿದ ಮೇಲೂ ಆ ನಾಯಿ ಬದುಕಿತ್ತು, ಈಗಲೂ ಬದುಕಿದೆ. ಕೋಮಲಳ ಚುಚ್ಚುಮದ್ದುಗಳೆಲ್ಲ ಮುಗಿದಿವೆ. ಆದರೆ ಪುಸ್ತಕದ ಕೊನೆಯ ಪುಟ ಬಂದೊಡನೆ ಮಗು ಕೈಗಳನ್ನು ಬೆನ್ನ ಹಿಂದೆ ಅಡಗಿಸುತ್ತಿತ್ತು. ಅದನ್ನು ನೋಡಿದ ಜಯಮಾಲಾ ಆ ಪುಟವನ್ನು ಬಿಚ್ಚಿ ಹೊಸದನ್ನು ಹೊಲಿದಳು. ಅದರಲ್ಲಿ ರೊಟ್ಟಿ ನೆಲದ ಮೇಲಿದೆ, ಮೋತ್ಯಾ ತಿನ್ನುತ್ತಿದ್ದಾನೆ. ಹುಡುಗಿ ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದಾಳೆ.

ಪುಸ್ತಕ ಅಂಗನವಾಡಿಯಲ್ಲಿಯೇ ಇದೆ. ಬಸ್ಸಿನಲ್ಲಿ ಮಾತನಾಡುವವರು ಇಳಿದು ಬಂದು ನೋಡಬಹುದು. ಮುಂಜಾನೆ ಬಂದರೆ, ಜಯಮಾಲಾ ಇಂದಿಗೂ ಎಲ್ಲಕ್ಕಿಂತ ಮೊದಲು ಕೋಮಲಳಿಗೆ ನೀರು ಕುಡಿಸುವುದನ್ನೂ ಕಾಣಬಹುದು.