ಶಾಸನ ಎಂದರೆ ಕಲ್ಲೋ, ಕಾನೂನೋ

ಅಮೆರಿಕದ ಆಶ್‌ಬರ್ನಿನಲ್ಲಿರುವ ಮಗಳ ಮನೆಯಲ್ಲಿ ನನಗೆ ಉಳಿದಿದ್ದ ಒಂದೇ ಅಧಿಕಾರ ಕನ್ನಡ ಶಬ್ದಗಳದು. ಆರನೇ ಗ್ರೇಡಿನ ಮೊಮ್ಮಗಳು ಭಾನುವಾರದ ಕನ್ನಡ ಕ್ಲಾಸಿಗೆ ಹೋಗುವ ಮುಂಚೆ ನನ್ನನ್ನೇ ಕೇಳುತ್ತಿದ್ದಳು. ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಸಿಸ್ಟರುಗಳು ನನ್ನ ಈ ಪ್ರಮೋಷನ್ ನೋಡಬೇಕಿತ್ತು.

ಆ ವಾರ ಅವಳು ಬ್ಯಾಬಿಲೋನಿನ ಹಳೆಯ ರಾಜನೊಬ್ಬನ ಬಗ್ಗೆ ಮೂರು ನಿಮಿಷ ಮಾತಾಡಬೇಕಿತ್ತು. ಸುತ್ತಲಿನ ಊರುಗಳನ್ನೆಲ್ಲ ಗೆದ್ದು, ತನ್ನ ಕಾಯಿದೆಗಳನ್ನು ಆಳೆತ್ತರದ ಕರಿಕಲ್ಲಿನಲ್ಲಿ ಕೆತ್ತಿಸಿದವನು.

"ಅಜ್ಜಿ, ಲಾ ಅನ್ನೋದಕ್ಕೆ ಕನ್ನಡದಲ್ಲಿ ಏನು?"

"ಶಾಸನ," ಎಂದೆ, ತಡವರಿಸದೆ.

ಕ್ಲಾಸಿನಿಂದ ಮುಖ ಊದಿಸಿಕೊಂಡು ಬಂದಳು. "ಶಾಸನ ಅಂದ್ರೆ ಬರೆದಿರೋ ಕಲ್ಲು ಅಂತೆ. ಲಾ ಅಂದ್ರೆ ಕಾನೂನು. ಟೀಚರ್ ಆಂಟಿ ಹೇಳಿದ್ರು. ಎಲ್ರೂ ನಕ್ಕರು."

ನನಗೆ ಗಲಿಬಿಲಿ. "ಹೌದು ಮರಿ, ಕಾನೂನೇ ಸರಿ," ಎಂದುಬಿಟ್ಟೆ. ಮಧ್ಯಾಹ್ನ ಪಾತ್ರೆ ಒರೆಸುವಾಗ ಹೊಳೆಯಿತು: ಶಾಸನಸಭೆ ಅನ್ನುವುದಿಲ್ಲವೇ? ಅಲ್ಲಿ ಯಾರೂ ಕಲ್ಲು ಕೆತ್ತುವುದಿಲ್ಲವಲ್ಲ. ಒದ್ದೆ ಕೈಯಲ್ಲೇ ಹೋಗಿ ಹೇಳಿದೆ, "ಇಲ್ಲ ಪುಟ್ಟಿ, ಶಾಸನಾನೂ ಸರಿ."

ಅವಳು ಭಾಷಣಕ್ಕೆಂದು ಮಾಡಿದ್ದ ಪೋಸ್ಟರನ್ನೊಮ್ಮೆ ನೋಡಿದಳು. "ಕಿಂಗ್‌ದು ಒಂದು ಲಾ ಇದೆ ಅಜ್ಜಿ. ಜಡ್ಜ್ ಡಿಸಿಷನ್ ಕೊಟ್ಟು ಆಮೇಲೆ ಚೇಂಜ್ ಮಾಡಿದ್ರೆ, ಸೀಟ್ ಹೋಗತ್ತೆ. ಫಾರೆವರ್."

"ಎರಡು ಸಲ ಚೇಂಜ್ ಮಾಡಿದ್ರೆ?"

"ದಟ್ಸ್ ನಾಟ್ ಆನ್ ದ ಸ್ಟೋನ್."

ನಾಲ್ಕು ಸಾವಿರ ವರ್ಷ ಹಳೆಯ ರಾಜ ನನ್ನ ಸೀಟು ಕಿತ್ತುಕೊಂಡ. ಮುಂದಿನ ಭಾನುವಾರಕ್ಕೆ ಅದೇ ಭಾಷಣವನ್ನು ತಿದ್ದಿ ಬರೆಯಬೇಕಿತ್ತು. ಅವಳು ಶಬ್ದಗಳಿಗಾಗಿ ಫೋನನ್ನು ಕೇಳಿದಳು. ನಾನು ಲಾಂಡ್ರಿ ಮಡಚಿದೆ. ಮಡಚುತ್ತ ಯೋಚಿಸಿದೆ, ಅವತ್ತು ಶಾಸನ ಎಂದಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಏನು? ಸ್ಕೂಲಿನ ಹಿಂದೆ ಒಂದು ಬರಹದ ಕಲ್ಲು ಬಿದ್ದಿತ್ತು, ಅದರ ಮೇಲೆ ಕೂತು ನಾವು ಟಿಫಿನ್ ತಿನ್ನುತ್ತಿದ್ದೆವು. ಆ ಕಲ್ಲೇ ಕಣ್ಣಮುಂದೆ ಬಂದಿತ್ತೋ, ಕಾನೂನು ಎಂಬ ಅರ್ಥವೇ ಇತ್ತೋ? ಆನೆಸ್ಟ್ಲಿ, ಇವತ್ತಿಗೂ ಗೊತ್ತಿಲ್ಲ.

ಶನಿವಾರ ಸಂಜೆ ಅವಳು ಹತ್ತಿರ ಬಂದು ನಿಂತಳು. "ಅಜ್ಜಿ, ಜಡ್ಜ್ ಕೂರೋ ಬೆಂಚ್‌ಗೆ ಕನ್ನಡದಲ್ಲೂ ಬೆಂಚು ಅಂತಾನೇ ಹೇಳ್ತಿದೆ ಫೋನ್. ಈಸ್ ಇಟ್ ರೈಟ್?"

ಪೀಠ ಎಂಬ ಶಬ್ದ ನಾಲಿಗೆಯ ತುದಿಗೆ ಬಂತು. ಪೀಠವೋ, ನ್ಯಾಯಪೀಠವೋ?

"ಯೋಚನೆ ಮಾಡಿ ಹೇಳ್ತೀನಿ," ಎಂದೆ.

"ಓಕೆ," ಎಂದು ಫೋನನ್ನು ಮಗುಚಿಟ್ಟು, ಮಡಚಿದ ಬಟ್ಟೆಗಳನ್ನು ಅತ್ತ ಸರಿಸಿ ಕೂತಳು.